128 ಬೈಟಿನ ಸಂಸಾರ

‘ಕನ್ನಡ’ ಅನ್ನೋ ಪದವನ್ನು ನಡುವೆ ಒಂದೊಂದು ಸ್ಪೇಸ್ ಕೊಟ್ಟು 8 ಸಲ ಟೈಪ್ ಮಾಡಿ ಸೇವ್ ಮಾಡಿ. ಯುಟಿಎಫ್-8 (ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಪದ್ಧತಿ) ಲೆಕ್ಕದಲ್ಲಿ 127 ಬೈಟ್ ಆಗುತ್ತದೆ. 1977ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಅಟಾರಿ 2600 ವಿಡಿಯೋ ಗೇಮ್‌ನ ರ‍್ಯಾಮ್ ಅಷ್ಟಕ್ಕೇ ತುಂಬಿಹೋಗುತ್ತದೆ. ಉಳಿಯುವುದು ಒಂದೇ ಬೈಟ್. ಸ್ಕೋರು, ಉಳಿದಿರುವ ಜೀವ, ಯಾರು ಎಲ್ಲಿದ್ದಾರೆ ಅನ್ನೋದು, ಎಲ್ಲಾ ಆ 128 ಬೈಟಿನೊಳಗೇ ಇರಬೇಕು.

ಯಾಕಿಷ್ಟು ಜಿಪುಣತನ? ಆಗ ಮೆಮೊರಿ ದುಬಾರಿ. ಅಗಲಕ್ಕೆ 160, ಎತ್ತರಕ್ಕೆ 192 ಚುಕ್ಕೆಗಳ ಒಂದು ಚಿತ್ರವನ್ನು ಬರೀ ಎರಡು ಬಣ್ಣದಲ್ಲಿ ಇಟ್ಟುಕೊಳ್ಳಲಿಕ್ಕೂ 3,840 ಬೈಟ್ ಬೇಕು. ಯಂತ್ರದಲ್ಲಿ ಇರುವುದರ 30 ಪಟ್ಟು! ಹಾಗಾಗಿ ಅಟಾರಿಯ ಎಂಜಿನಿಯರ್ ಜೇ ಮೈನರ್ ಮತ್ತವರ ಜೊತೆಗಾರರು ಚಿತ್ರವನ್ನು ಇಟ್ಟುಕೊಳ್ಳುವ ಗೋಜಿಗೇ ಹೋಗಲಿಲ್ಲ. ಟಿವಿಗೆ ಚಿತ್ರ ಕಳಿಸುವ ಅವರ ಟಿಐಎ ಚಿಪ್‌ಗೆ ಗೊತ್ತಿರುವುದು ಟಿವಿ ಪರದೆಯ ಒಂದೇ ಒಂದು ಗೆರೆ. ಆ ಗೆರೆಯಲ್ಲಿ ಇಬ್ಬರು ಆಟಗಾರರು, ಎರಡು ಗುಂಡು, ಒಂದು ಚೆಂಡು, ಹಿಂದೆ ಒಂದಿಷ್ಟು ಗೋಡೆ. ಪಾಂಗ್ ಮತ್ತು ಟ್ಯಾಂಕ್ ಥರದ ಆಟಗಳಿಗೆ ಅಷ್ಟು ಸಾಕಿತ್ತು.

ಮಿಕ್ಕ ಕಷ್ಟವೆಲ್ಲ ಪ್ರೋಗ್ರಾಮರ್ ತಲೆಗೆ. ಹಳೇ ಟಿವಿಯಲ್ಲಿ ಎಲೆಕ್ಟ್ರಾನ್ ಕಿರಣ ಮೇಲಿಂದ ಕೆಳಗೆ 262 ಗೆರೆ ಎಳೆಯುತ್ತದೆ, ಸೆಕೆಂಡಿಗೆ 60 ಸಲ. ಒಂದು ಗೆರೆ ಮುಗಿಯುವಷ್ಟರಲ್ಲಿ ಪ್ರೊಸೆಸರ್‌ಗೆ ಸಿಗುವುದು 76 ಸೈಕಲ್, ಅಂದರೆ ಅದರ ಗಡಿಯಾರದ 76 ಮಿಡಿತ. ಒಂದು ಸಂಖ್ಯೆಯನ್ನು ಎತ್ತಿಕೊಂಡು ಚಿಪ್‌ಗೆ ಕೊಡಲು 5 ಸೈಕಲ್ ಬೇಕು. ಅಂದರೆ ಹದಿನೈದು ಸಲ ಕೈ ಆಡಿಸುವಷ್ಟರಲ್ಲಿ ಗೆರೆ ಮುಗಿಯಿತು. ಬಸ್ಸು ಬರ್ತಾ ಇರುವಾಗಲೇ ಅದರ ಮುಂದೆ ಡಾಂಬರು ಹಾಕುತ್ತಾ ಓಡಿದ ಹಾಗೆ! ಚಿತ್ರ ಕಾಣುವುದು 192 ಗೆರೆಗಳಲ್ಲಿ. ಆಟದ ಬುದ್ಧಿವಂತಿಕೆಯನ್ನೆಲ್ಲ ಸಾಮಾನ್ಯವಾಗಿ ಉಳಿದ 70 ಗೆರೆಗಳ ಸಮಯದಲ್ಲಿ ಮುಗಿಸಿಕೊಳ್ಳಬೇಕು.

ಇದಕ್ಕಿಂತ ತಮಾಷೆ ಅಂದರೆ, ಆಟಗಾರನನ್ನು ಅಡ್ಡಡ್ಡಕ್ಕೆ ‘50ನೇ ಚುಕ್ಕೆಯಲ್ಲಿ ನಿಲ್ಲಿಸು’ ಎಂದು ಹೇಳಲು ಇಲ್ಲಿ ದಾರಿಯೇ ಇಲ್ಲ. ಕಿರಣ ಅಲ್ಲಿಗೆ ಬರುವ ತನಕ ಕಾದು ‘ಈಗ!’ ಎನ್ನಬೇಕು. ಆದರೆ ಒಂದು ಸೈಕಲ್‌ನಲ್ಲಿ ಕಿರಣ ಮೂರು ಚುಕ್ಕೆ ಮುಂದೆ ಹೋಗಿರುತ್ತದೆ. ಆ ವ್ಯತ್ಯಾಸ ಸರಿಪಡಿಸಲು ಇನ್ನೊಂದು ಆಜ್ಞೆ. ನಾನು ಸ್ಟೆಲ್ಲಾ ಎಂಬ ಎಮ್ಯುಲೇಟರ್ (ಕಂಪ್ಯೂಟರಿನಲ್ಲೇ ಅಟಾರಿಯ ಹಾಗೆ ನಡೆಯುವ ತಂತ್ರಾಂಶ) ಹಾಕಿಕೊಂಡು ಸುಮ್ನೆ ಒಂದು ಚೌಕ ಓಡಿಸೋಣ ಅಂತ ಕೂತೆ. 262 ಇರಬೇಕಾದ ಗೆರೆಗಳ ಲೆಕ್ಕ ಮೂರು ಸಂಜೆ 263ರಿಂದ ಕೆಳಗಿಳಿಯಲಿಲ್ಲ.

ಈ ಇಕ್ಕಟ್ಟಿನಲ್ಲೇ ಜನ ಚಮತ್ಕಾರ ಮಾಡಿದರು. ಚೆಸ್‌ನ ಒಂದು ಸಾಲಿಗೆ 8 ಕಾಯಿ ಬೇಕು, ಅಷ್ಟನ್ನು ಈ ಚಿಪ್ ಸಲೀಸಾಗಿ ತೋರಿಸುವುದಿಲ್ಲ. ಅಟಾರಿಯ ಪ್ರೋಗ್ರಾಮರ್ ಬಾಬ್ ವೈಟ್‌ಹೆಡ್ ಅರ್ಧ ಕಾಯಿಗಳನ್ನು ಒಂದು ಗೆರೆಯಲ್ಲಿ, ಇನ್ನರ್ಧವನ್ನು ಮುಂದಿನ ಗೆರೆಯಲ್ಲಿ ಬರೆದು ಕಣ್ಣಿಗೆ ಮಂಕುಬೂದಿ ಎರಚಿದರು.

ಇಷ್ಟೆಲ್ಲ ಒದ್ದಾಡಿದವರ ಹೆಸರು ಡಬ್ಬಿಯ ಮೇಲೆ ಬರುತ್ತಿರಲಿಲ್ಲ. ವಾರೆನ್ ರಾಬಿನೆಟ್ ತಮ್ಮ ‘ಅಡ್ವೆಂಚರ್’ ಆಟದೊಳಗೆ ಗುಟ್ಟಿನ ಕೋಣೆ ಮಾಡಿ ಅಲ್ಲಿ ತಮ್ಮ ಹೆಸರು ಬರೆದಿಟ್ಟರು. ಅದು ಬಯಲಾಗುವಷ್ಟರಲ್ಲಿ ಅವರು ಕೆಲಸ ಬಿಟ್ಟಾಗಿತ್ತು. ವೈಟ್‌ಹೆಡ್, ಡೇವಿಡ್ ಕ್ರೇನ್ ಮತ್ತಿಬ್ಬರು ಅಟಾರಿ ಕಂಪನಿಯಿಂದ ಹೊರಬಂದು 1979ರಲ್ಲಿ ಆಕ್ಟಿವಿಷನ್ ಎಂಬ ತಮ್ಮದೇ ಗೇಮ್ ಕಂಪನಿ ಶುರು ಮಾಡಿದರು. 1982ರ ‘ಪಿಟ್‌ಫಾಲ್’ನಲ್ಲಿ ಕ್ರೇನ್ 255 ದೃಶ್ಯಗಳ ಕಾಡನ್ನು ಆಟದ ಕ್ಯಾಸೆಟ್ಟಿನ 4 ಕೆಬಿಯಲ್ಲಿ ತುಂಬಿದರು. ಅಸಲಿಗೆ ಕಾಡನ್ನು ಎಲ್ಲೂ ತುಂಬಿಯೇ ಇಲ್ಲ! ಇರುವುದು ಒಂದೇ ಬೈಟ್ ಸಂಖ್ಯೆ, ಅಂದರೆ ಎಂಟು ಬಿಟ್ (0 ಅಥವಾ 1). ಅದರ ಬಿಟ್‌ಗಳನ್ನು ಒಂದು ಲೆಕ್ಕದಲ್ಲಿ ಸರಿಸಿದರೆ ಮುಂದಿನ ದೃಶ್ಯ, ಉಲ್ಟಾ ಸರಿಸಿದರೆ ಹಿಂದಿನದು. ಮರ ಎಲ್ಲಿ, ಹೊಂಡ ಯಾವುದು ಅನ್ನೋದನ್ನೂ ಆ ಬಿಟ್‌ಗಳೇ ಹೇಳುತ್ತವೆ. ಸೊನ್ನೆಯಿಂದ ಶುರುವಾದರೆ ಸೊನ್ನೆಯಲ್ಲೇ ಸಿಕ್ಕಿಕೊಳ್ಳುತ್ತದೆ. 256ರ ಬದಲು 255 ಆಗಿದ್ದು ಅದಕ್ಕೇ.

ಆಮೇಲೆ ಕಂಡಕಂಡವರೆಲ್ಲ ಆಟ ಮಾಡತೊಡಗಿದರು, ಕಸ ಜಾಸ್ತಿಯಾಯಿತು, 1983ರಲ್ಲಿ ಮಾರುಕಟ್ಟೆ ಕುಸಿಯಿತು. ತೊಂಬತ್ತರ ದಶಕದಲ್ಲಿ ನಮ್ಮ ಮನೆಗಳಿಗೆ ಬಂದ ‘ಕ್ಯಾಸೆಟ್ ಗೇಮ್’ಗಳು ನಿಂಟೆಂಡೊ ನಕಲುಗಳು. ಪ್ರೊಸೆಸರ್ ಅಟಾರಿಯಲ್ಲಿದ್ದ ಅದೇ 6502 ವಂಶದ್ದು, ರ‍್ಯಾಮ್ ಮಾತ್ರ 2 ಕೆಬಿ, ಅಂದರೆ 16 ಪಟ್ಟು. ಶ್ರೀಮಂತರ ಮನೆ ಅಲ್ವಾ!

ಅಟಾರಿ 2600ಕ್ಕೆ ಹವ್ಯಾಸಿಗಳು ಇವತ್ತಿಗೂ ಹೊಸ ಆಟ ಬರೆಯುತ್ತಾರೆ. ಮೈಕ್ರೋಸಾಫ್ಟ್‌ನಲ್ಲಿ ಗೇಮ್ ವಿಭಾಗದ ಮುಖ್ಯಸ್ಥರಾಗಿದ್ದ ಎಡ್ ಫ್ರೈಸ್ 2010ರಲ್ಲಿ ‘ಹ್ಯಾಲೊ’ ಎಂಬ ಈ ಕಾಲದ ದೊಡ್ಡ ಆಟವನ್ನೇ 4 ಕೆಬಿಗೆ ಇಳಿಸಿದರು. ನನ್ನ ಚೌಕ ಈಗ ಎಡಕ್ಕೆ ಹೋಗುತ್ತದೆ. ಬಲಕ್ಕೆ ಇನ್ನೂ ಬರುತ್ತಿಲ್ಲ.