ಧ್ರುವನಿಂದ ಕಾಸರಗೋಡಿನವರೆಗೆ: ಬಾಲ್ಯದ ಯಾವ ಚಿತ್ರಗಳು ಇಂದಿಗೂ ನೋಡಿಸಿಕೊಳ್ಳುತ್ತವೆ?

ಕನ್ನಡದ ಮೊದಲ ಎರಡು ವಾಕ್ಚಿತ್ರಗಳು 1934ರಲ್ಲಿ ತೆರೆಕಂಡವು. ಮೊದಲು ಬಂದದ್ದು ‘ಸತಿ ಸುಲೋಚನಾ’, ಅದರ ಬೆನ್ನಿಗೇ ಬಂದದ್ದು ‘ಭಕ್ತ ಧ್ರುವ’. ತಂದೆಯ ತೊಡೆಯೇರಲು ಬಂದು ಮಲತಾಯಿಯಿಂದ ದೂಡಿಸಿಕೊಂಡು ಕಾಡಿಗೆ ಹೊರಟ ಬಾಲಕನೇ ಎರಡನೆಯ ಚಿತ್ರದ ನಾಯಕ. ಅಂದರೆ ಕನ್ನಡ ಚಿತ್ರರಂಗ ಮಾತು ಕಲಿತ ವರ್ಷವೇ ಮಗುವೊಂದನ್ನು ಕಥೆಯ ನಡುವೆ ನಿಲ್ಲಿಸಿತ್ತು. ಹೀಗಿದ್ದೂ, ಬಾಲ್ಯದಲ್ಲಿ ಮೆಚ್ಚಿ ನೋಡಿದ್ದನ್ನು ಇಂದು ತಮ್ಮ ಮಕ್ಕಳೆದುರು ಹಾಕಿ ಕೂರಬೇಕೆನ್ನುವವರಿಗೆ ಧೈರ್ಯದಿಂದ ಹೆಸರಿಸಬಹುದಾದ ಚಿತ್ರಗಳು ಬೆರಳೆಣಿಕೆಯಷ್ಟೇ ಸಿಗುತ್ತವೆ. ಮಗು ಇರುವ ಚಿತ್ರಗಳು ನಮ್ಮಲ್ಲಿ ಧಾರಾಳವಾಗಿವೆ. ಮಗುವಿಗೆ ತನ್ನದೇ ಆದ ಒಂದು ಬಯಕೆ, ಒಂದು ಲೆಕ್ಕಾಚಾರ, ಒಂದು ಸೋಲು ಇರುವ ಚಿತ್ರಗಳು ಕಡಿಮೆ. ಕಾಲ ಉಳಿಸಿಕೊಂಡು ಬಂದಿರುವುದು ಈ ಎರಡನೆಯ ಬಗೆಯವನ್ನು ಎಂಬುದು ಈ ಲೇಖಕನ ಅಭಿಪ್ರಾಯ.

ಪೌರಾಣಿಕ ಚಿತ್ರಗಳ ಮಕ್ಕಳು ಬಹುಪಾಲು ದೇವರ ಕೈಯಲ್ಲಿದ್ದವರು. ಅವರಿಗೆ ಕಷ್ಟ ಬರುತ್ತದೆಯೇ ಹೊರತು ಸಂದೇಹ ಬರುವುದಿಲ್ಲ. ವಿಜಯ್ ನಿರ್ದೇಶನದ 1983ರ ‘ಭಕ್ತ ಪ್ರಹ್ಲಾದ’ ಇದಕ್ಕೆ ತುಸು ಹೊರತಾಗಿ ನಿಲ್ಲಲು ಭಕ್ತಿಗಿಂತ ಮನೆತನದ ಸಂಬಂಧವೇ ಹೆಚ್ಚು ಕಾರಣ. ಹಿರಣ್ಯಕಶಿಪುವಾಗಿ ರಾಜಕುಮಾರ್, ಪ್ರಹ್ಲಾದನಾಗಿ ಅವರ ಮಗ ಪುನೀತ್. ಹುಡುಗನಾಗಿದ್ದಾಗ ಕಂಬ ಸೀಳುವ ಗಳಿಗೆಗಾಗಿ ಕಾದು ನೋಡಿದವನು ನಲವತ್ತು ದಾಟಿದ ಮೇಲೆ ನೋಡಿದರೆ, ಕಣ್ಣು ಹೋಗುವುದು ಮಗನನ್ನು ಪ್ರೀತಿಸುತ್ತಲೇ ಕೊಲ್ಲಿಸಲು ಹೊರಟ ತಂದೆಯ ಮುಖದ ಕಡೆಗೆ. ಒಂದೇ ಚಿತ್ರ ಎರಡು ವಯಸ್ಸಿನಲ್ಲಿ ಎರಡಾಗಿ ಕಾಣುವುದು ಅದರ ಗಟ್ಟಿತನದ ಗುರುತು. ಗದೆ, ಕಿರೀಟ, ತಂತ್ರದ ಚಳಕಗಳು ಹಳತಾಗಿದ್ದರೂ ಆ ಜಗಳ ಹಳತಾಗಿಲ್ಲ.

ಸಾಮಾಜಿಕ ಚಿತ್ರಗಳತ್ತ ಬಂದರೆ, ಬಿ.ಆರ್. ಪಂತುಲು ಅವರ ‘ಮಕ್ಕಳ ರಾಜ್ಯ’ (1960) ಬಾಲನಟ ಉಮೇಶ್ ಅವರನ್ನು ಮುಂದಿಟ್ಟುಕೊಂಡು ಬಂದಿತು. ಅವರೇ ಮುಂದೆ ಹಾಸ್ಯನಟರಾಗಿ ಮನೆಮಾತಾದರು. ಎಪ್ಪತ್ತರ ದಶಕದ ಕೊನೆಗೆ ಸಾಹಸದ ಅಲೆಯೊಂದು ಎದ್ದು ‘ಪುಟಾಣಿ ಏಜೆಂಟ್ 1 2 3’ (1979), ನಟಿ ಲಕ್ಷ್ಮಿ ನಿರ್ದೇಶಿಸಿದ ‘ಮಕ್ಕಳ ಸೈನ್ಯ’ (1980) ಮೊದಲಾದವು ಬಂದವು. ಇವನ್ನು ಇಂದು ನೋಡಿದರೆ ನಗು ಬರುತ್ತದೆ, ಆದರೆ ಅದು ಚಿತ್ರ ಬಯಸಿದ ಜಾಗದಲ್ಲೇ ಬರುತ್ತದೆ ಎನ್ನಲಾಗದು. ದೊಡ್ಡವರ ಹೊಡೆದಾಟದ ಕಥೆಯನ್ನು ಚಿಕ್ಕ ಅಳತೆಗೆ ಹೊಲಿದುಕೊಟ್ಟಂತೆ ಕಾಣುವ ಗುಣ ಈ ಅಲೆಯ ಚಿತ್ರಗಳಲ್ಲಿದೆ. ಅದೇ ಕಾಲದ ಕೌಟುಂಬಿಕ ಚಿತ್ರಗಳಲ್ಲಂತೂ ಮಗುವಿನ ಕೆಲಸ ಮುನಿಸಿಕೊಂಡ ಅಪ್ಪ ಅಮ್ಮನನ್ನು ಒಂದುಗೂಡಿಸುವುದಕ್ಕೆ, ಕೊನೆಯ ದೃಶ್ಯದಲ್ಲಿ ಕಣ್ಣೀರು ತರಿಸುವುದಕ್ಕೆ ಸೀಮಿತವಾಗಿತ್ತು.

ಈ ಪರಂಪರೆಯ ನಡುವೆ 1985ರ ‘ಬೆಟ್ಟದ ಹೂವು’ ಬೇರೆಯಾಗಿಯೇ ಬಂದಿತು. ಅದರ ನಿರ್ದೇಶಕ ಎನ್. ಲಕ್ಷ್ಮೀನಾರಾಯಣ್ ‘ನಾಂದಿ’ (1964), ‘ಅಬಚೂರಿನ ಪೋಸ್ಟಾಫೀಸು’ (1973) ಮಾಡಿದವರು. ದನಿ ಏರಿಸದೆ ಕಥೆ ಹೇಳುವುದು ಅವರ ರೂಢಿ. ಮೂಲ ಶರ್ಲಿ ಎಲ್. ಅರೋರಾ ಎಂಬ ಅಮೆರಿಕನ್ ಲೇಖಕಿ ದಕ್ಷಿಣ ಭಾರತದ ಬೆಟ್ಟಸೀಮೆಯ ಹುಡುಗನೊಬ್ಬನ ಬಗ್ಗೆ ಬರೆದ ಮಕ್ಕಳ ಕಾದಂಬರಿ. ಚಿತ್ರ ಆ ಹುಡುಗನನ್ನು ಮಲೆನಾಡಿನ ರಾಮುವನ್ನಾಗಿ ಮಾಡಿ, ಅವನು ಆಸೆಪಡುವ ಪುಸ್ತಕವನ್ನು ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಆಗಿಸಿತು. ಜ್ಞಾನಪೀಠ ಪಡೆದ ಆ ಮಹಾಕಾವ್ಯವನ್ನು ಆ ವಯಸ್ಸಿನ ಹುಡುಗ ಓದಿ ಅರ್ಥ ಮಾಡಿಕೊಂಡಾನೇ ಎಂದು ಕೇಳಬಹುದು; ದೊಡ್ಡವರಲ್ಲೇ ಅನೇಕರು ಅದನ್ನು ಕಪಾಟಿನಲ್ಲಿಟ್ಟು ಗೌರವಿಸುತ್ತಾರೆ. ಆದರೆ ಚಿತ್ರಕ್ಕೆ ಬೇಕಾಗಿದ್ದುದು ಓದಲ್ಲ, ಹಂಬಲ. ಬಡತನದಿಂದ ಶಾಲೆ ಬಿಟ್ಟ ರಾಮು, ಕಾಡಿನ ಆರ್ಕಿಡ್ ಹೂಗಳನ್ನು ಹುಡುಕಿ ತಂದು ಶರ್ಲಿ ಎಂಬ ವಿದೇಶಿ ಮಹಿಳೆಗೆ ಮಾರಿ ಒಂದೊಂದೇ ರೂಪಾಯಿ ಕೂಡಿಡುತ್ತಾನೆ. ಕೊನೆಗೆ ಆ ದುಡ್ಡು ಪುಸ್ತಕದಂಗಡಿಗೆ ಹೋಗದೆ, ಚಳಿಯಲ್ಲಿ ನಡುಗುವ ಮನೆಯವರ ಹೊದಿಕೆಗೆ ಹೋಗುತ್ತದೆ.

ಈ ಚಿತ್ರ ಇಂದಿಗೂ ನಿಲ್ಲುವುದು ಅದರ ಲೆಕ್ಕದ ಬಲದಿಂದ. ರಾಮುವಿನ ಬಳಿ ಎಷ್ಟಿದೆ, ಎಷ್ಟು ಬೇಕು ಎಂಬುದು ನೋಡುವ ಮಗುವಿಗೂ ಉದ್ದಕ್ಕೂ ತಿಳಿದಿರುತ್ತದೆ. ಆದ್ದರಿಂದ ಕೊನೆಯ ನಿರ್ಧಾರ ಯಾರೋ ಹೇಳಿಕೊಟ್ಟ ತ್ಯಾಗದಂತೆ ಕಾಣದೆ, ತನ್ನ ಕಿಸೆಯಿಂದಲೇ ಹೋದಂತೆ ತಟ್ಟುತ್ತದೆ. ರಾಜನ್–ನಾಗೇಂದ್ರ ಸಂಗೀತದಲ್ಲಿ, ರಾಮುವಾಗಿ ನಟಿಸಿದ ಪುನೀತ್ ತಾವೇ ಹಾಡಿದ ‘ಬಿಸಿಲೇ ಇರಲಿ ಮಳೆಯೇ ಬರಲಿ’ ಹಾಡಿನಲ್ಲಿ ತರಬೇತಾದ ಗಾಯಕನ ನಯವಿಲ್ಲ, ಬೇಕಾಗಿಯೂ ಇರಲಿಲ್ಲ. ಈ ಪಾತ್ರಕ್ಕೆ ಅವರಿಗೆ ಶ್ರೇಷ್ಠ ಬಾಲನಟ ರಾಷ್ಟ್ರಪ್ರಶಸ್ತಿ ದೊರೆಯಿತು. 2021ರ ಅಕ್ಟೋಬರ್‌ನಲ್ಲಿ ಅವರು ತೀರಿಕೊಂಡ ಮೇಲೆ ಈ ಚಿತ್ರವನ್ನು ಒಣಗಣ್ಣಿನಿಂದ ನೋಡುವುದು ಹಿರಿಯರಿಗೆ ಕಷ್ಟವಾಗಿದೆ. ಆ ದುಃಖವನ್ನು ಬದಿಗಿಟ್ಟು ನೋಡಿದರೂ ಚಿತ್ರ ಸೋಲುವುದಿಲ್ಲ.

ಎಂಟು ವರ್ಷಗಳ ಬಳಿಕ ಟಿ.ಎಸ್. ನಾಗಾಭರಣ ಅವರ ‘ಚಿನ್ನಾರಿ ಮುತ್ತ’ (1993) ಬಂದಿತು. ಹಳ್ಳಿಯಿಂದ ಬೆಂಗಳೂರು ಸೇರುವ ಅನಾಥ ಹುಡುಗ ಓಟಗಾರನಾಗುವ ಕಥೆಯಲ್ಲಿ ಕಾಕತಾಳೀಯಗಳು ಹೆಚ್ಚು. ಇಂದಿನ ಮಗು ಅಲ್ಲಲ್ಲಿ ಹುಬ್ಬೇರಿಸಿದರೆ ಆಶ್ಚರ್ಯವಿಲ್ಲ. ಅದನ್ನು ಎತ್ತಿ ಹಿಡಿದಿರುವುದು ಎಚ್.ಎಸ್. ವೆಂಕಟೇಶಮೂರ್ತಿಯವರ ಹಾಡುಗಳು, ಸಿ. ಅಶ್ವಥ್ ಅವರ ರಾಗಗಳು ಮತ್ತು ವಿಜಯ ರಾಘವೇಂದ್ರ ಎಂಬ ಹುಡುಗನ ಸಹಜತೆ. ‘ಮಣ್ಣಲ್ಲಿ ಬಿದ್ದೋನು’ ಹಾಡು ಚಿತ್ರ ನೋಡದವರ ಬಾಯಿಗೂ ಬಂದಿದೆ. ಮರುವರ್ಷ ಅದೇ ಹುಡುಗ ನಾಗತಿಹಳ್ಳಿ ಚಂದ್ರಶೇಖರ್ ಅವರ ‘ಕೊಟ್ರೇಶಿ ಕನಸು’ ಚಿತ್ರದಲ್ಲಿ ನಟಿಸಿ ರಾಷ್ಟ್ರಪ್ರಶಸ್ತಿ ಪಡೆದ. ಕುಂ. ವೀರಭದ್ರಪ್ಪನವರ ಕಥೆಯನ್ನು ಆಧರಿಸಿದ ಈ ಚಿತ್ರದಲ್ಲಿ ದಲಿತ ಹುಡುಗನೊಬ್ಬ ಏಳನೆಯ ತರಗತಿ ಪಾಸಾಗುವುದೇ ಊರಿನ ಯಜಮಾನಿಕೆಗೆ ಸವಾಲಾಗುತ್ತದೆ. ಎರಡರಲ್ಲಿ ಹೆಚ್ಚು ಜನ ನೆನೆಯುವುದು ಮೊದಲನೆಯದನ್ನು. ವಯಸ್ಸಾದಂತೆ ಹೆಚ್ಚು ಹರಿತವಾಗಿ ಕಾಣುವುದು ಎರಡನೆಯದು.

ನೆನಪು ಉಳಿಯಲು ಚಿತ್ರದ ಗುಣವೊಂದೇ ಸಾಲದು, ಅದು ಮತ್ತೆ ಮತ್ತೆ ಕಣ್ಣಿಗೆ ಬೀಳಬೇಕು. ‘ಸತಿ ಸುಲೋಚನಾ’ದ ಪ್ರತಿಯೇ ಇಂದು ಉಳಿದಿಲ್ಲ, ನಮ್ಮ ಅಜ್ಜಂದಿರು ಬಾಲ್ಯದಲ್ಲಿ ಕಂಡ ಚಿತ್ರಗಳ ಬಗ್ಗೆ ಹೀಗೆ ಪರೀಕ್ಷಿಸಿ ಹೇಳುವ ಅವಕಾಶವೂ ಬಹಳಷ್ಟು ಸಲ ಇಲ್ಲ. ಎಂಬತ್ತರ ದಶಕದ ಮಕ್ಕಳಿಗೆ ಬೆಂಗಳೂರು ದೂರದರ್ಶನದ ವಾರಾಂತ್ಯದ ಚಿತ್ರ, 1994ರ ನಂತರದವರಿಗೆ ಉದಯ ಟಿವಿ, ಈಗಿನವರಿಗೆ ಯೂಟ್ಯೂಬ್ ಆ ಕೆಲಸ ಮಾಡಿವೆ. ಒಮ್ಮೆ ನೋಡಿ ಮರೆಯಬೇಕಾಗಿದ್ದ ಚಿತ್ರವನ್ನು ಹತ್ತು ಸಲ ತೋರಿಸಿ ಬಾಲ್ಯದ ಭಾಗವಾಗಿಸಿದ್ದು ಕಿರುತೆರೆ.

ಎರಡು ಸಾವಿರದ ನಂತರದ ಮಕ್ಕಳ ಚಿತ್ರಗಳಿಗೆ ಈ ಭಾಗ್ಯ ಸಿಗಲಿಲ್ಲ. ‘ಕೇರ್ ಆಫ್ ಫುಟ್‌ಪಾತ್’ (2006), ಅಭಯ ಸಿಂಹ ಅವರ ‘ಗುಬ್ಬಚ್ಚಿಗಳು’ (2008), ಪಿ.ಆರ್. ರಾಮದಾಸ ನಾಯ್ಡು ಅವರ ‘ಹೆಜ್ಜೆಗಳು’ (2010) ಶ್ರೇಷ್ಠ ಮಕ್ಕಳ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆದವು. ಚಿತ್ರೋತ್ಸವಗಳಲ್ಲಿ ಮಕ್ಕಳೇ ಅಲ್ಲದ ಪ್ರೇಕ್ಷಕರೆದುರು ಮೆಚ್ಚುಗೆ ಗಳಿಸುವ ಇಂಥ ಚಿತ್ರಗಳು ಊರಿನ ಟಾಕೀಸಿಗೆ ಬರುವುದೇ ಅಪರೂಪ. ದೇಶದ ಮಟ್ಟದಲ್ಲೂ ಕಥೆ ಬೇರೆಯಲ್ಲ: ಮಕ್ಕಳ ಚಿತ್ರಗಳಿಗೆಂದೇ 1955ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಸಂಸ್ಥೆ, ತನ್ನ ಚಿತ್ರಗಳನ್ನು ಮಕ್ಕಳಿಗೆ ತಲುಪಿಸಲು ಉದ್ದಕ್ಕೂ ಹೆಣಗಿ, 2022ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ವಿಲೀನವಾಯಿತು.

ಆ ಗೋಡೆಯನ್ನು ಒಡೆದದ್ದು 2018ರಲ್ಲಿ ರಿಷಬ್ ಶೆಟ್ಟಿ ನಿರ್ದೇಶಿಸಿದ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು, ಕೊಡುಗೆ: ರಾಮಣ್ಣ ರೈ’. 1956ರಲ್ಲಿ ಕೇರಳಕ್ಕೆ ಸೇರಿದ ಊರಿನ ಕನ್ನಡ ಶಾಲೆಯೊಂದನ್ನು ಮುಚ್ಚುವ ಹುನ್ನಾರದ ವಿರುದ್ಧ ಮಕ್ಕಳೇ ನಿಲ್ಲುವ ಈ ಚಿತ್ರ ಚಿತ್ರಮಂದಿರಗಳಲ್ಲೂ ಗೆದ್ದು, ರಾಷ್ಟ್ರಪ್ರಶಸ್ತಿಯನ್ನೂ ಪಡೆಯಿತು. ಇದು ಮೂವತ್ತು ವರ್ಷ ಬಾಳುವುದೇ ಎಂದು ಊಹಿಸುವುದಾದರೆ, ಅರ್ಧ ಬಾಳುತ್ತದೆ ಎನ್ನಬೇಕು. ತರಗತಿಯ ಚೇಷ್ಟೆ, ಪರೀಕ್ಷೆಯ ಭಯ, ಹುಡುಗನ ಮೊದಲ ಒಲವು, ಕಾಸರಗೋಡಿನ ಮಾತಿನ ಲಯ ಇರುವ ಮೊದಲ ಭಾಗದಲ್ಲಿ ಕಥೆ ಮಕ್ಕಳ ಕೈಯಲ್ಲಿದೆ. ನ್ಯಾಯಾಲಯಕ್ಕೆ ಬಂದ ಮೇಲೆ ಅನಂತ್ ನಾಗ್ ಅವರ ಪಾತ್ರ ದೀರ್ಘವಾಗಿ ವಾದ ಮಂಡಿಸುತ್ತದೆ. ಚಪ್ಪಾಳೆ ಗಿಟ್ಟಿಸುವ ಆ ಮಾತುಗಳ ಹೊತ್ತಿಗೆ ಮಕ್ಕಳು ಕೇಳುಗರ ಬೆಂಚಿಗೆ ಸರಿದಿರುತ್ತಾರೆ.