ನಿಟ್ಟುಸಿರು

‘ನಿಡಿದು’ ಮತ್ತು ‘ಉಸಿರು’ ಸೇರಿ ಆದ ಪದ. ನಿಡಿದು ಎಂದರೆ ನೀಳವಾದದ್ದು. ಏದುಸಿರು ತುಂಡು ತುಂಡು, ನಿಟ್ಟುಸಿರು ಎಳೆದದ್ದು. ಬೇಸರಕ್ಕೂ ಬಿಡುತ್ತೇವೆ, ಕಳೆದ ಪರ್ಸು ಸಿಕ್ಕಾಗಲೂ ಬಿಡುತ್ತೇವೆ. ಮನೆಯಲ್ಲಿ ಯಾರಾದರೂ ಬಿಟ್ಟರೆ ಮಾತ್ರ ‘ಎಂತಾ ಆತು?’ ಎಂಬ ಪ್ರಶ್ನೆ ಬಂದೇ ಬರುತ್ತದೆ.

ಏನೂ ಆಗಿರಬೇಕಿಲ್ಲ. ನಮಗೆ ತಿಳಿಯದಂತೆ ದೇಹ ಗಂಟೆಗೆ ಸುಮಾರು 12 ಸಲ ತಾನಾಗಿಯೇ ನಿಟ್ಟುಸಿರು ಬಿಡುತ್ತದೆ. ಶ್ವಾಸಕೋಶದ ಪುಟ್ಟ ಗಾಳಿಗೂಡುಗಳು ಆಗಾಗ ಮುದುಡಿಕೊಳ್ಳುತ್ತವೆ. ಅವನ್ನು ಬಿಡಿಸಲು ಮಾಮೂಲಿ ಉಸಿರು ಸಾಲದು, ಅದರ ಮೇಲೊಂದು ಗುಟುಕು ಬೇಕು.

ಶಿರಸಿ ಕಡೆ ಮೆಟ್ಟುಗತ್ತಿಯ ಮುಂದೆ ಅಡಿಕೆ ಸುಲಿಯಲು ಕೂತವರನ್ನು ಗಮನಿಸಿ. ಬೆನ್ನು ಬಾಗಿದೆ, ಹೊಟ್ಟೆ ಮಡಚಿದೆ, ಕಣ್ಣು ಅಲಗಿನ ಮೇಲಿದೆ, ಉಸಿರು ಎದೆಯ ಮೇಲ್ಭಾಗದಲ್ಲೇ ಓಡಾಡುತ್ತಿದೆ. ಮೊಬೈಲ್ ಹಿಡಿದು ಕೂತವರ ಭಂಗಿಯೂ ಇದೇ, ಅಡಿಕೆಯೊಂದು ಇಲ್ಲ ಅಷ್ಟೆ.

ಬೇಕೆಂದೇ ನಿಟ್ಟುಸಿರು ಬಿಡುವುದು ಹೀಗೆ: ಕತ್ತಿಯಿಂದ ಕೈ ತೆಗೆದು ಬೆನ್ನು ನೆಟ್ಟಗೆ ಮಾಡಿ, ಹೊಟ್ಟೆ ಸಡಿಲ ಬಿಡಿ. ಮೂಗಿನಿಂದ ಎರಡು–ಮೂರು ಸೆಕೆಂಡು ಉಸಿರೆಳೆದು, ಬಿಡುವ ಮುನ್ನ ಮೂಗಿನಿಂದಲೇ ಇನ್ನೊಂದು ಚಿಕ್ಕ ಗುಟುಕು ತುಂಬಿಕೊಳ್ಳಿ. ಆಮೇಲೆ ಬಿಸಿ ಚಾ ಆರಿಸುವಾಗಿನಂತೆ ತುಟಿ ಸ್ವಲ್ಪ ಮುಂದೆ ಚಾಚಿ, ಬಾಯಿಂದ ಆರೆಂಟು ಸೆಕೆಂಡು ನಿಧಾನವಾಗಿ ಬಿಡಿ. ತಕ್ಷಣದ ಗಾಬರಿಗೆ ಇಂಥ ಮೂರು ಉಸಿರು ಸಾಕು. ರೂಢಿ ಮಾಡಿಕೊಳ್ಳುವವರಿಗೆ ದಿನಕ್ಕೆ 5 ನಿಮಿಷ. 2023ರಲ್ಲಿ ಪ್ರಕಟವಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ ಒಂದು ತಿಂಗಳು ಹೀಗೆ ಮಾಡಿದವರ ಲವಲವಿಕೆ, ಅಷ್ಟೇ ಹೊತ್ತು ಉಸಿರನ್ನು ಸುಮ್ಮನೆ ಗಮನಿಸುವ ಮೈಂಡ್‌ಫುಲ್‌ನೆಸ್ ಧ್ಯಾನ ಮಾಡಿದವರಿಗಿಂತ ಹೆಚ್ಚಿತ್ತು. ಆತಂಕ ಎರಡೂ ಗುಂಪಿನಲ್ಲಿ ಇಳಿದಿತ್ತು.

ಕೆಲಸ ಮಾಡುವುದು ಆ ನೀಳ ನಿಶ್ವಾಸವೇ. ಮಣಿಕಟ್ಟಿನ ನಾಡಿಯ ಮೇಲೆ ಬೆರಳಿಟ್ಟುಕೊಳ್ಳಿ: ಉಸಿರೆಳೆಯುವಾಗ ಬಡಿತ ಚುರುಕಾಗಿ, ಬಿಡುವಾಗ ನಿಧಾನವಾಗುವುದು ಎಷ್ಟೋ ಜನರಿಗೆ ಬೆರಳಿಗೇ ಸಿಗುತ್ತದೆ.

ಹೆಚ್ಚಿನವರು ಎಡವುವುದು ಅವಸರದಲ್ಲಿ. ಬಿರುಸಾಗಿ ಒಂದರ ಹಿಂದೊಂದು ಮಾಡಿದರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿದು ತುಟಿ, ಬೆರಳ ತುದಿ ಜುಮುಗುಟ್ಟುತ್ತವೆ, ತಲೆ ಹಗುರಾಗುತ್ತದೆ. ಹಾಗಾದರೆ ನಿಲ್ಲಿಸಿ ಮಾಮೂಲಿಯಾಗಿ ಉಸಿರಾಡಿ. ಭುಜ ಕಿವಿಯತ್ತ ಏರಿದರೆ ಗಾಳಿ ಶ್ವಾಸಕೋಶದ ತಳದವರೆಗೆ ಇಳಿದಿಲ್ಲವೆಂದೇ ಲೆಕ್ಕ. ದೇವಿಮನೆ ಘಟ್ಟದಲ್ಲಿ ಗಾಡಿ ಓಡಿಸುತ್ತ ಇದನ್ನು ಕಲಿಯಲು ಹೋಗಬೇಡಿ. ಅಸ್ತಮಾ ಇದ್ದವರು ಮೊದಲು ವೈದ್ಯರನ್ನು ಕೇಳಲಿ.

ಕಾರವಾರದ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ ಕೂತು ಮಾಡುವವರಿಗೆ ಉಸಿರನ್ನು ಅಲೆಗೆ ಹೊಂದಿಸುವ ಆಸೆಯಾಗುತ್ತದೆ. ಬೇಡ. ಒಂದು ಅಲೆ ಬೇಗ, ಇನ್ನೊಂದು ತಡ. ನಡುವೆ ಉಸಿರು ಕಟ್ಟಿ ಕಾಯಬೇಕಾಗುತ್ತದೆ. ಬಿಡುವಾಗ ಕಿವಿಯನ್ನಷ್ಟೇ ಅತ್ತ ಕೊಡಿ, ನೊರೆ ಮರಳಲ್ಲಿ ಇಂಗುವ ಸದ್ದಿಗೆ. ಮನಸ್ಸು ಬಂಗಡೆ ರೇಟಿನತ್ತ ಹೋಯಿತೇ, ಮುಂದಿನ ಉಸಿರಿಗೆ ಕರೆತನ್ನಿ.