ಹೌಸ್‌ಕೀಪರ್ ಅಳಿಸುತ್ತಿದ್ದರೂ ಡಿಸ್ಕ್ ಏಕೆ ಖಾಲಿಯಾಗುವುದಿಲ್ಲ?

ಪ್ರಶ್ನೆ: ಸರ್ವರ್‌ಗಳ ಮೇಲೆ ನಿಗಾ ಇಡುವ ಝ್ಯಾಬಿಕ್ಸ್ ತಂತ್ರಾಂಶದ ಡೇಟಾಬೇಸನ್ನು ಮೈಎಸ್‌ಕ್ಯೂಎಲ್‌ನಿಂದ ಪೋಸ್ಟ್‌ಗ್ರೆಸ್‌ಗೆ ಸ್ಥಳಾಂತರಿಸಿದ್ದೇವೆ. ಹಳೆಯ ದತ್ತಾಂಶ ಅಳಿಸುವ ಅದರ ಹೌಸ್‌ಕೀಪರ್ ಗಂಟೆಗೊಮ್ಮೆ ಓಡುತ್ತಿದ್ದರೂ ಡಿಸ್ಕ್ ಬಳಕೆ ಇಳಿದಿಲ್ಲ. ಅಳಿಸುವ ಕೆಲಸ ನಿಧಾನವಾಗಿದೆಯೇ?

ಉತ್ತರ: ಈ ಪ್ರಶ್ನೆ ಬೇರೆ ಬೇರೆ ಮಾತುಗಳಲ್ಲಿ ಮತ್ತೆ ಮತ್ತೆ ಬರುತ್ತಲೇ ಇದೆ. ಡಿಸ್ಕಿನ ಖಾಲಿ ಜಾಗವನ್ನು ನೋಡಿ ಹೌಸ್‌ಕೀಪರ್‌ನ ವೇಗವನ್ನು ಅಳೆಯಲಾಗದು ಎಂಬುದನ್ನು ದಯವಿಟ್ಟು ಮೊದಲು ಮನಸ್ಸಿಗೆ ತಂದುಕೊಳ್ಳಿ. ಕಪಾಟಿನಿಂದ ಪುಸ್ತಕಗಳನ್ನು ತೆಗೆದರೆ ಕಪಾಟು ಚಿಕ್ಕದಾಗುವುದಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಡಿಲೀಟ್ ಮಾಡಿದ ಸಾಲು ಫೈಲಿನೊಳಗೆ ಸತ್ತ ಸಾಲಾಗಿ ಉಳಿಯುತ್ತದೆ. ವ್ಯಾಕ್ಯೂಮ್ (ಸತ್ತ ಸಾಲುಗಳನ್ನು ತೆರವುಗೊಳಿಸುವ ಕೆಲಸ) ನಡೆದ ಮೇಲೆ ಆ ಜಾಗವು ಅದೇ ಟೇಬಲ್‌ನ ಹೊಸ ಸಾಲುಗಳಿಗೆ ಸಿಗುತ್ತದೆಯೇ ಹೊರತು, ಸಾಮಾನ್ಯವಾಗಿ ಆಪರೇಟಿಂಗ್ ಸಿಸ್ಟಮ್‌ಗೆ ಮರಳುವುದಿಲ್ಲ. ನೀವು ಬಿಟ್ಟುಬಂದ ಮೈಎಸ್‌ಕ್ಯೂಎಲ್‌ನ ಸಂಗ್ರಹ ವ್ಯವಸ್ಥೆಯಾದ ಇನ್ನೊಡಿಬಿಯಲ್ಲೂ ಟೇಬಲ್ ಫೈಲ್ ತಾನಾಗಿ ಕುಗ್ಗುತ್ತಿರಲಿಲ್ಲ. ಆದ್ದರಿಂದ ಆರೋಗ್ಯವಂತ ವ್ಯವಸ್ಥೆಯಲ್ಲಿ ಡಿಸ್ಕ್ ಬಳಕೆ ಒಂದು ಮಟ್ಟಕ್ಕೆ ಏರಿ ಅಲ್ಲಿಯೇ ನಿಲ್ಲುತ್ತದೆ, ಮತ್ತು ಹಾಗೆ ನಿಂತಿದ್ದರೆ ಅಳಿಸುವ ಕೆಲಸ ಸರಿಯಾಗಿಯೇ ನಡೆಯುತ್ತಿದೆ ಎಂದರ್ಥ. ಪೋಸ್ಟ್‌ಗ್ರೆಸ್‌ನ ಟೈಮ್‌ಸ್ಕೇಲ್ ವಿಸ್ತರಣೆ ಬಳಸುವವರ ಸ್ಥಿತಿ ಬೇರೆ: ಅಲ್ಲಿ ಅವಧಿ ಮುಗಿದ ಇಡೀ ಚಂಕ್ (ಒಂದು ಕಾಲಾವಧಿಯ ದತ್ತಾಂಶದ ತುಂಡು) ಒಮ್ಮೆಲೇ ಬಿದ್ದುಹೋಗುವುದರಿಂದ ಜಾಗ ನಿಜವಾಗಿಯೂ ಮರಳುತ್ತದೆ.

ಹಾಗಾದರೆ ಅಳೆಯಬೇಕಾದದ್ದು ಏನು? ಪ್ರತಿ ಸುತ್ತಿನ ಕೊನೆಗೆ ಸರ್ವರ್ ಲಾಗ್‌ನಲ್ಲಿ ಹೌಸ್‌ಕೀಪರ್ ಒಂದು ಸಾಲು ಬರೆಯುತ್ತದೆ. ಹಿಸ್ಟರಿ (ಬಂದ ಮೌಲ್ಯಗಳು) ಮತ್ತು ಟ್ರೆಂಡ್‌ಗಳಿಂದ (ಅವುಗಳ ಗಂಟೆವಾರು ಸಾರಾಂಶ) ಎಷ್ಟು ಸಾಲು ಅಳಿಸಿತು, ಎಷ್ಟು ಸೆಕೆಂಡು ಹಿಡಿಯಿತು ಎಂಬುದು ಅಲ್ಲಿರುತ್ತದೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ವೇಗ ಸಿಗುತ್ತದೆ. ಅದನ್ನು ಹಳೆಯ ಸರ್ವರ್‌ನ ಲಾಗ್‌ನೊಂದಿಗೆ ಹೋಲಿಸಿ. ಸ್ಥಳಾಂತರಕ್ಕೆ ಮುನ್ನ ಆ ಲಾಗ್ ಎತ್ತಿಡದವರಿಗೆ ಹೋಲಿಕೆಯ ಆಧಾರವೇ ಇರುವುದಿಲ್ಲ. ಬಳಿಕ ಒಳಹರಿವನ್ನು ನೋಡಿ: ಸೆಕೆಂಡಿಗೆ 500 ಹೊಸ ಮೌಲ್ಯಗಳು ಬರುತ್ತಿದ್ದರೆ ಗಂಟೆಗೆ 18 ಲಕ್ಷ ಸಾಲು ಸೇರುತ್ತವೆ. ಗಂಟೆಯ ಸುತ್ತಿನಲ್ಲಿ ಹೆಚ್ಚುಕಡಿಮೆ ಅಷ್ಟೇ ಸಾಲು ಹೋಗುತ್ತಿದ್ದರೆ ಲೆಕ್ಕ ಸರಿಹೋಗಿದೆ.

ಸ್ಥಳಾಂತರದ ಸಂದರ್ಭದಲ್ಲಿ ಹಿಸ್ಟರಿ ಅವಧಿಯನ್ನು 90 ದಿನದಿಂದ 30ಕ್ಕೆ ಇಳಿಸಿದವರು ಇನ್ನೊಂದನ್ನು ಗಮನಿಸಬೇಕು. ಒಂದು ಸುತ್ತಿನಲ್ಲಿ ಪ್ರತಿ ಐಟಂಗೆ (ನಿಗಾ ಇಟ್ಟ ಒಂದೊಂದು ಅಳತೆಗೆ), ಹೌಸ್‌ಕೀಪಿಂಗ್ ಸುತ್ತುಗಳ ನಡುವಿನ ಅವಧಿಯ ನಾಲ್ಕು ಪಟ್ಟಿಗಿಂತ ಹೆಚ್ಚಿನ ಹಳೆಯ ದತ್ತಾಂಶವನ್ನು ಝ್ಯಾಬಿಕ್ಸ್ ಉದ್ದೇಶಪೂರ್ವಕವಾಗಿಯೇ ಅಳಿಸುವುದಿಲ್ಲ. ಗಂಟೆಗೊಮ್ಮೆ ಓಡಿದರೆ 4 ಗಂಟೆಯಷ್ಟು ಹೋಗುತ್ತದೆ, ಅಷ್ಟರಲ್ಲಿ ಇನ್ನೊಂದು ಗಂಟೆಯ ದತ್ತಾಂಶ ಹಳತಾಗುತ್ತದೆ. ನಿವ್ವಳ 3 ಗಂಟೆ. 60 ದಿನಗಳ ಬಾಕಿ ಎಂದರೆ 1,440 ಗಂಟೆ, ಅದು ಕರಗಲು 480 ಸುತ್ತು, ಅಂದರೆ ಕಡಿಮೆಯೆಂದರೂ 20 ದಿನ ಬೇಕು. ಇದು ಡೇಟಾಬೇಸಿನ ದೋಷವಲ್ಲ. 5000 ಸಾಲುಗಳ ಗರಿಷ್ಠ ಡಿಲೀಟ್ ಮಿತಿಯನ್ನು ಏರಿಸಿದರೂ ಇದು ಬೇಗ ಮುಗಿಯುವುದಿಲ್ಲ, ಏಕೆಂದರೆ ಆ ಮಿತಿ ಅನ್ವಯಿಸುವುದು ಈಗಾಗಲೇ ತೆಗೆದುಹಾಕಿದ ಐಟಂಗಳ ದತ್ತಾಂಶಕ್ಕೆ ಮಾತ್ರ.

ವೇಗವೇ ಕುಸಿದಿದ್ದರೆ, ದತ್ತಾಂಶ ತುಂಬಿದ ಮೇಲೆ ಅನಲೈಜ್ (ಟೇಬಲ್‌ಗಳ ಅಂಕಿಅಂಶ ನವೀಕರಿಸುವ ಆದೇಶ) ಓಡಿಸಿದ್ದೀರಾ ಎಂದು ಮೊದಲು ನೋಡಿ.

ಇಲ್ಲಿ ನೀವು ಕೇಳದಿದ್ದರೂ ಹೇಳಲೇಬೇಕಾದ ವಿಷಯ ವ್ಯಾಕ್ಯೂಮನ್ನು ತಾನಾಗಿ ಓಡಿಸುವ ಆಟೋವ್ಯಾಕ್ಯೂಮ್‌ನದು. ಅದರ ಮೂಲ ಹೊಂದಿಕೆಯ ಪ್ರಕಾರ ಟೇಬಲ್‌ನ ಸುಮಾರು ಶೇ 20ರಷ್ಟು ಸಾಲುಗಳು ಸತ್ತ ಮೇಲಷ್ಟೇ ವ್ಯಾಕ್ಯೂಮ್ ಆರಂಭವಾಗುತ್ತದೆ. 10 ಕೋಟಿ ಸಾಲುಗಳ ಹಿಸ್ಟರಿ ಟೇಬಲ್‌ನಲ್ಲಿ ಅದು 2 ಕೋಟಿ. ಅಲ್ಲಿಯವರೆಗೆ ಆ ಜಾಗ ಮರುಬಳಕೆಗೆ ಸಿಗದೆ ಫೈಲ್ ಬೆಳೆಯುತ್ತದೆ. ಹಿಸ್ಟರಿ ಟೇಬಲ್‌ಗಳಿಗೆ ಮಾತ್ರ ಈ ಪ್ರಮಾಣವನ್ನು ಶೇ 1ರ ಆಸುಪಾಸಿಗೆ ಇಳಿಸುವುದು ಒಳ್ಳೆಯದು. ಫೈಲ್ ಕುಗ್ಗಲೇಬೇಕೆಂದು ವ್ಯಾಕ್ಯೂಮ್ ಫುಲ್ ಓಡಿಸುವವರು ಎರಡನ್ನು ತಿಳಿದಿರಲಿ: ಅದು ಮುಗಿಯುವವರೆಗೆ ಆ ಟೇಬಲ್‌ಗೆ ಪೂರ್ಣ ಬೀಗ ಬಿದ್ದು ಹೊಸ ಮೌಲ್ಯಗಳ ಬರವಣಿಗೆ ನಿಲ್ಲುತ್ತದೆ, ಮತ್ತು ಟೇಬಲ್‌ನ ಹೊಸ ಪ್ರತಿ ಬರೆಯಲು ಬೇಕಾದಷ್ಟು ಖಾಲಿ ಜಾಗ ಡಿಸ್ಕಿನಲ್ಲಿ ಮೊದಲೇ ಇರಬೇಕಾಗುತ್ತದೆ.